ಗಾಳಿ ತಿರುಗಿಸುವ ರೆಕ್ಕೆ: ಜೈರೊಕಾಪ್ಟರಿನ ವಿನೋದಯಾನ ಮತ್ತು ಅದರ ತತ್ತ್ವ

೧. ವಿಷಯ ಪ್ರವೇಶ

ವಾಯುಯಾನವೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣ ಮುಂದೆ ಎರಡು ಬಗೆಯ ಯಂತ್ರಗಳು ಬಂದು ನಿಲ್ಲುತ್ತವೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣದಲ್ಲಿ ಇಳಿಯುವ, ಅಲುಗಾಡದ ರೆಕ್ಕೆಗಳ ವಿಮಾನ ಒಂದು. ಊರ ಹೊರಗಿನ ಬಯಲಿನಲ್ಲಿ ಧೂಳೆಬ್ಬಿಸಿ ನೆಟ್ಟಗೆ ಇಳಿಯುವ ಹೆಲಿಕಾಪ್ಟರ್ ಇನ್ನೊಂದು. ಇವೆರಡರ ನಡುವೆ ಮೂರನೆಯ ಬಗೆಯೊಂದುಂಟು. ನೋಡಲು ಹೆಲಿಕಾಪ್ಟರಿನ ಮರಿಯಂತೆ ಕಂಡರೂ ನಡತೆಯಲ್ಲಿ ಅದು ವಿಮಾನಕ್ಕೆ ಹತ್ತಿರದ್ದು. ಅದನ್ನು ಮೊದಲು ಆಟೊಜೈರೊ ಎಂದು ಕರೆದರು. ಒಬ್ಬಿಬ್ಬರು ಕುಳಿತು ಹಾರುವ ಅದರ ಚಿಕ್ಕ ರೂಪಕ್ಕೆ ಈಗ ಜೈರೊಕಾಪ್ಟರ್ ಎಂಬ ಹೆಸರು ರೂಢಿಯಾಗಿದೆ.

ಜೈರೊಕಾಪ್ಟರಿನಲ್ಲಿ ವಿನೋದಕ್ಕಾಗಿ ಹಾರುವವರು ಅದರ ಸುಖವನ್ನು ಬಹುವಾಗಿ ಬಣ್ಣಿಸುತ್ತಾರೆ. ಅದರೊಡನೆ ಒಂದು ಮಾತನ್ನೂ ಸೇರಿಸುತ್ತಾರೆ: “ಎಂಜಿನು ನಿಂತರೂ ಇದು ಬೀಳುವುದಿಲ್ಲ.” ಈ ಮಾತಿನಲ್ಲಿ ಸತ್ಯವುಂಟು, ಆದರೆ ಅದು ಅರ್ಧ ಸತ್ಯ. ಆ ಅರ್ಧವನ್ನೇ ಪೂರ್ಣವೆಂದು ನಂಬಿದವರಲ್ಲಿ ಅನೇಕರು ಪ್ರಾಣ ತೆತ್ತಿದ್ದಾರೆ. ಜೈರೊಕಾಪ್ಟರಿನ ಸುಖ, ಅದರ ಕ್ಷೇಮ, ಅದರ ಅಪಾಯ ಇವು ಮೂರೂ ಒಂದೇ ಬೇರಿನಿಂದ ಹುಟ್ಟಿದವು. ಆ ಬೇರನ್ನು ಅರಿತವನಿಗೆ ಮಾತ್ರ ಸುಖವು ನಿಶ್ಚಿಂತವಾಗಿ ದೊರೆಯುತ್ತದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿಷಯವು ಯಂತ್ರಶಾಸ್ತ್ರಕ್ಕೆ ಸೇರಿದ್ದಾದರೂ ಪದವಿ ತರಗತಿಯ ಭೌತಶಾಸ್ತ್ರವನ್ನು ಮೀರಿದ ಗಣಿತವನ್ನು ಇಲ್ಲಿ ಬಳಸಿಲ್ಲ. ಧಾರವಾಡ ಜಿಲ್ಲೆಯ ಹಳ್ಳಿಗಳ ವಿದ್ಯಾರ್ಥಿಗಳಿಗೆ ಪರಿಚಿತವಾದ ದೃಷ್ಟಾಂತಗಳನ್ನೇ ಸಾಧ್ಯವಾದಮಟ್ಟಿಗೆ ಆರಿಸಿಕೊಳ್ಳಲಾಗಿದೆ.

೨. ಸ್ವಯಂಭ್ರಮಣವೆಂದರೇನು?

ಹೆಲಿಕಾಪ್ಟರಿನ ತಲೆಯ ಮೇಲಿನ ರೆಕ್ಕೆಯನ್ನು ಎಂಜಿನು ತಿರುಗಿಸುತ್ತದೆ; ಅದು ಗಾಳಿಯನ್ನು ಮೇಲಿನಿಂದ ಕೆಳಕ್ಕೆ ತಳ್ಳಿ ಯಂತ್ರವನ್ನು ಎತ್ತುತ್ತದೆ. ಜೈರೊಕಾಪ್ಟರಿನಲ್ಲಿ ಹಾರಾಟದ ಕಾಲಕ್ಕೆ ಎಂಜಿನಿಗೂ ತಲೆಯ ಮೇಲಿನ ತಿರುಗುರೆಕ್ಕೆಗೂ ಯಾವ ಸಂಬಂಧವೂ ಇರುವುದಿಲ್ಲ. ಎಂಜಿನು ಸಾಮಾನ್ಯವಾಗಿ ಚಾಲಕನ ಬೆನ್ನ ಹಿಂದಿರುವ ಪ್ರೊಪೆಲರನ್ನು ತಿರುಗಿಸಿ ಯಂತ್ರವನ್ನು ಮುಂದಕ್ಕೆ ನೂಕುತ್ತದೆ. ತಿರುಗುರೆಕ್ಕೆಯ ತಟ್ಟು ಸ್ವಲ್ಪ ಹಿಂದಕ್ಕೆ ವಾಲಿರುವುದರಿಂದ ಎದುರುಗಾಳಿಯು ಅದರ ಕೆಳಮೈಯಿಂದ ಒಳಹೊಕ್ಕು ಮೇಲಕ್ಕೆ ಹಾಯ್ದುಹೋಗುತ್ತದೆ. ಹೋಗುವಾಗ ಅದನ್ನು ತಿರುಗಿಸುತ್ತದೆ. ಹೀಗೆ ಗಾಳಿಯ ಬಲದಿಂದಲೇ ರೆಕ್ಕೆ ತಿರುಗುತ್ತ, ತಿರುಗುವಾಗಲೇ ಭಾರವನ್ನು ಎತ್ತಿ ಹಿಡಿಯುವುದಕ್ಕೆ ಸ್ವಯಂಭ್ರಮಣವೆಂದು ಹೆಸರು.

ಪ್ರಕೃತಿಯಲ್ಲಿ ಇದಕ್ಕೆ ಅತ್ಯುತ್ತಮ ನಿದರ್ಶನವೆಂದರೆ ಮಾಧವೀಲತೆಯ ಕಾಯಿ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಮರಗಳನ್ನು ತಬ್ಬಿ ಬೆಳೆಯುವ ಈ ಬಳ್ಳಿಯ ಕಾಯಿಗೆ ಮೂರು ರೆಕ್ಕೆಗಳಿವೆ. ಒಣಗಿ ಕಳಚಿದ ಕಾಯಿಯು ಒಂದು ಕ್ಷಣ ಕಲ್ಲಿನಂತೆ ಬಿದ್ದು, ಅನಂತರ ಗರಗರನೆ ತಿರುಗತೊಡಗುತ್ತದೆ. ಒಡನೆಯೇ ಅದರ ಇಳಿತ ನಿಧಾನವಾಗುತ್ತದೆ. ನಿಧಾನವಾದಷ್ಟೂ ಬೀಸುವ ಗಾಳಿಗೆ ಅದನ್ನು ದೂರ ಒಯ್ಯಲು ಅವಕಾಶ ಹೆಚ್ಚು. ತಾಯಿಬಳ್ಳಿಯ ನೆರಳಿನಿಂದ ಬೀಜವನ್ನು ಆಚೆಗೆ ಸಾಗಿಸಲು ಸಸ್ಯವು ಕಂಡುಕೊಂಡ ಈ ಉಪಾಯವೇ ಜೈರೊಕಾಪ್ಟರಿನ ಮೂಲತತ್ತ್ವ.

ಇಲ್ಲೊಂದು ಸಂದೇಹ ಬರುವುದು ಸಹಜ. ಕೆಳಗಿನಿಂದ ಬರುವ ಗಾಳಿ ಅಲಗನ್ನು ಮೇಲಕ್ಕೆ ತಳ್ಳಬೇಕಲ್ಲದೆ ಮುಂದಕ್ಕೆ ಏಕೆ ಎಳೆಯಬೇಕು? ಉತ್ತರಕ್ಕಾಗಿ ಆಕಾಶದಲ್ಲಿ ತೇಲುವ ಹದ್ದನ್ನು ನೋಡಬೇಕು. ರೆಕ್ಕೆ ಬಡಿಯದೆ, ಸ್ವಲ್ಪ ಸ್ವಲ್ಪವೇ ಇಳಿಯುತ್ತ, ಅದು ಮುಂದಕ್ಕೆ ಸಾಗುತ್ತಲೇ ಇರುತ್ತದೆ. ರೆಕ್ಕೆಯ ಎತ್ತುಬಲವು ಎದುರಾಗುವ ಗಾಳಿಯ ದಿಕ್ಕಿಗೆ ಲಂಬವಾಗಿರುತ್ತದೆ. ಹದ್ದು ಇಳಿಯುತ್ತಿರುವುದರಿಂದ ಅದಕ್ಕೆ ಗಾಳಿಯು ಮುಂದಿನಿಂದಲೂ ತುಸು ಕೆಳಗಿನಿಂದಲೂ ಬರುತ್ತದೆ. ಆದುದರಿಂದ ಎತ್ತುಬಲವು ತುಸು ಮುಂದಕ್ಕೆ ಬಾಗುತ್ತದೆ. ಆ ಬಾಗಿದ ಅಂಶವೇ ಹದ್ದನ್ನು ಮುಂದಕ್ಕೆ ಎಳೆದು ಗಾಳಿಯ ತಡೆಯನ್ನು ಸರಿದೂಗಿಸುತ್ತದೆ. ತಿರುಗುರೆಕ್ಕೆಯ ಒಂದೊಂದು ಅಲಗನ್ನೂ ನಡುಗಂಬಕ್ಕೆ ಕಟ್ಟಿಹಾಕಿದ ಹದ್ದೆಂದು ಭಾವಿಸಿದರೆ ಸ್ವಯಂಭ್ರಮಣದ ರಹಸ್ಯ ತಿಳಿದಂತಾಯಿತು. ಅಲಗಿನ ನಡುಭಾಗದಲ್ಲಿ ಈ ಮುನ್ನೆಳೆತವು ತಡೆಗಿಂತ ಹೆಚ್ಚು; ತುದಿಯ ಭಾಗದಲ್ಲಿ ತಡೆಯೇ ಹೆಚ್ಚು. ಎರಡೂ ಸಮವಾಗುವ ಒಂದು ವೇಗದಲ್ಲಿ ರೆಕ್ಕೆ ತಾನಾಗಿಯೇ ನೆಲೆನಿಲ್ಲುತ್ತದೆ. ಭಾರ ಹೆಚ್ಚಿದರೆ ಅದು ತಾನೇ ವೇಗವನ್ನು ಹೆಚ್ಚಿಸಿಕೊಳ್ಳುತ್ತದೆ, ಕಡಮೆಯಾದರೆ ತಗ್ಗಿಸಿಕೊಳ್ಳುತ್ತದೆ. ಈ ಕೊನೆಯ ವಾಕ್ಯವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅಪಾಯದ ವಿಚಾರ ಬಂದಾಗ ಇದೇ ಮುಖ್ಯವಾಗುತ್ತದೆ.

ತರಗತಿಯಲ್ಲಿ ಇದನ್ನು ಪರೀಕ್ಷಿಸಿ ನೋಡಲು ಯಾವ ಉಪಕರಣವೂ ಬೇಡ. ೨೦ ಸೆಂ.ಮೀ. ಉದ್ದ, ೫ ಸೆಂ.ಮೀ. ಅಗಲದ ಕಾಗದದ ಪಟ್ಟಿಯೊಂದನ್ನು ಅರ್ಧದವರೆಗೆ ಉದ್ದಕ್ಕೆ ಸೀಳಿ, ಎರಡು ಸೀಳುಗಳನ್ನು ವಿರುದ್ಧ ದಿಕ್ಕಿಗೆ ಮಡಿಸಿ, ಕೆಳತುದಿಗೆ ಕಾಗದದ ಕ್ಲಿಪ್ಪೊಂದನ್ನು ಸಿಕ್ಕಿಸಬೇಕು. ಎತ್ತರದಿಂದ ಬಿಟ್ಟರೆ ಅದು ಮಾಧವಿಯ ಕಾಯಿಯಂತೆಯೇ ತಿರುಗುತ್ತ ಇಳಿಯುತ್ತದೆ. ಕ್ಲಿಪ್ಪುಗಳನ್ನು ಸೇರಿಸಿ ಒಟ್ಟು ಭಾರವನ್ನು ನಾಲ್ಮಡಿ ಮಾಡಿದರೆ ಇಳಿಯುವ ವೇಗವು ಸುಮಾರು ಇಮ್ಮಡಿಯಾಗುವುದನ್ನು ಗಡಿಯಾರದಿಂದ ಅಳೆದು ನೋಡಬಹುದು. ಬಳಿಕ ಅದನ್ನೇ ಮೇಲಕ್ಕೆ ಎಸೆಯಬೇಕು. ಏರುವಾಗ ರೆಕ್ಕೆಗಳು ಮುದುಡಿಕೊಳ್ಳುತ್ತವೆ, ತಿರುಗುವುದಿಲ್ಲ. ಇಳಿಯತೊಡಗಿದ ಮೇಲೆಯೇ ಮತ್ತೆ ಅರಳಿ ತಿರುಗುತ್ತವೆ. ಗಾಳಿಯು ಕೆಳಗಿನಿಂದ ಬರುವವರೆಗೆ ಮಾತ್ರ ಈ ರೆಕ್ಕೆಗೆ ಜೀವ.

೩. ಸಿಯೆರ್ವಾನ ಸಾಧನೆ

ಈ ತತ್ತ್ವವನ್ನು ಹಾರುವ ಯಂತ್ರವಾಗಿ ಮಾಡಿದವನು ಸ್ಪೇನ್ ದೇಶದ ಹುವಾನ್ ದೆ ಲಾ ಸಿಯೆರ್ವಾ. ೧೯೧೯ರಲ್ಲಿ ಅವನು ರಚಿಸಿದ ಮೂರು ಎಂಜಿನುಗಳ ದೊಡ್ಡ ವಿಮಾನವೊಂದು ವೇಗ ಕುಂದಿ, ರೆಕ್ಕೆಗಳ ಎತ್ತುಬಲ ಕುಸಿದು, ನೆಲಕ್ಕೆ ಬಿತ್ತು. ವಿಮಾನ ನಿಧಾನವಾದರೂ ರೆಕ್ಕೆ ಮಾತ್ರ ವೇಗವಾಗಿಯೇ ಚಲಿಸುವಂತೆ ಮಾಡಲು ಸಾಧ್ಯವೇ ಎಂಬ ಪ್ರಶ್ನೆ ಅವನನ್ನು ಹಿಡಿಯಿತು. ತಿರುಗುವ ರೆಕ್ಕೆಯೇ ಅದಕ್ಕೆ ಉತ್ತರ.

ಆದರೆ ಅವನ ಮೊದಲ ಯಂತ್ರಗಳು ನೆಲ ಬಿಡುವ ಹೊತ್ತಿಗೆ ಪಕ್ಕಕ್ಕೆ ಮಗುಚಿಕೊಂಡವು. ಕಾರಣವನ್ನು ಇಂದಿನ ಯಂತ್ರದ ಲೆಕ್ಕದಿಂದಲೇ ತಿಳಿಯಬಹುದು. ತಿರುಗುರೆಕ್ಕೆಯ ವ್ಯಾಸ ೮.೪ ಮೀಟರ್, ಸುತ್ತು ನಿಮಿಷಕ್ಕೆ ೩೫೦ ಎಂದಿಟ್ಟುಕೊಂಡರೆ ಅಲಗಿನ ತುದಿಯ ವೇಗ ಸೆಕೆಂಡಿಗೆ ೧೫೪ ಮೀಟರ್. ಯಂತ್ರವು ಗಂಟೆಗೆ ೧೦೦ ಕಿ.ಮೀ., ಎಂದರೆ ಸೆಕೆಂಡಿಗೆ ಸುಮಾರು ೨೮ ಮೀಟರ್ ವೇಗದಲ್ಲಿ ಸಾಗುತ್ತಿದ್ದರೆ, ಮುಂದಕ್ಕೆ ಬರುವ ಅಲಗಿನ ತುದಿಗೆ ಎದುರಾಗುವ ಗಾಳಿ ೧೮೨ ಮೀಟರ್. ಹಿಂದಕ್ಕೆ ಹೋಗುವ ಅಲಗಿಗೆ ಕೇವಲ ೧೨೬ ಮೀಟರ್. ಎತ್ತುಬಲವು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಒಂದು ಪಕ್ಕದ ಎತ್ತುಬಲ ಇನ್ನೊಂದರ ಎರಡು ಪಟ್ಟಿಗಿಂತಲೂ ತುಸು ಹೆಚ್ಚಾಗುತ್ತದೆ. ಯಂತ್ರ ಮಗುಚದೆ ಇನ್ನೇನು?

ಆಶ್ಚರ್ಯವೆಂದರೆ ಬೆತ್ತದ ಅಲಗುಗಳಿದ್ದ ಅವನ ಚಿಕ್ಕ ಮಾದರಿಯು ಮಗುಚದೆ ಸರಾಗವಾಗಿ ಹಾರುತ್ತಿತ್ತು. ಬೆತ್ತ ಬಾಗುತ್ತದೆ, ದೊಡ್ಡ ಯಂತ್ರದ ಬಿರುಸಾದ ಅಲಗು ಬಾಗುವುದಿಲ್ಲ. ಇದನ್ನು ಗುರುತಿಸಿದ ಸಿಯೆರ್ವಾ ಪ್ರತಿಯೊಂದು ಅಲಗಿನ ಬುಡಕ್ಕೂ ಕೀಲು ಜೋಡಿಸಿ ಅವು ಮೇಲೆ ಕೆಳಗೆ ಆಡುವಂತೆ ಮಾಡಿದನು. ಹೆಚ್ಚು ಎತ್ತುಬಲ ಪಡೆದ ಅಲಗು ಮೇಲೇರುತ್ತದೆ. ಏರುವಾಗ ಅದಕ್ಕೆ ಗಾಳಿ ತಾಗುವ ಕೋನ ಕಡಮೆಯಾಗಿ ಬಲವೂ ಇಳಿಯುತ್ತದೆ. ಎದುರಿನ ಅಲಗಿನಲ್ಲಿ ಇದಕ್ಕೆ ವಿಪರೀತ. ಹೀಗೆ ಎರಡು ಪಕ್ಕಗಳೂ ಸಮವಾಗುತ್ತವೆ. ಇಂದಿನ ಜೈರೊಕಾಪ್ಟರುಗಳಲ್ಲಿ ಎರಡೇ ಅಲಗುಗಳನ್ನು ಒಂದೇ ದಂಡಿಗೆಯಾಗಿ ಜೋಡಿಸಿ, ತಕ್ಕಡಿಯಂತೆ ನಡುವಿನ ಕೀಲಿನ ಮೇಲೆ ತೂಗುವಂತೆ ಮಾಡಿರುತ್ತಾರೆ, ತತ್ತ್ವವೇನೋ ಅದೇ.

೧೯೨೩ರ ಜನವರಿಯಲ್ಲಿ ಮ್ಯಾಡ್ರಿಡ್ ಬಳಿಯ ಗೆತಾಫೆಯಲ್ಲಿ ಅವನ ನಾಲ್ಕನೆಯ ಯಂತ್ರ ಹಾರಿತು. ಕೆಲವೇ ದಿನಗಳಲ್ಲಿ ಅದರ ಎಂಜಿನು ಹಾರಾಟದ ನಡುವೆ ಕೈಕೊಟ್ಟಾಗ ಯಂತ್ರವು ಅಪಾಯವಿಲ್ಲದೆ ಇಳಿಯಿತು. ೧೯೨೮ರ ಸೆಪ್ಟೆಂಬರಿನಲ್ಲಿ ಸಿಯೆರ್ವಾ ತನ್ನ ಆಟೊಜೈರೊದಲ್ಲಿ ಇಂಗ್ಲಿಷ್ ಕಾಲುವೆಯನ್ನು ದಾಟಿದನು. ಅಮೆರಿಕದಲ್ಲಿ ಹೆರಲ್ಡ್ ಪಿಟ್‌ಕೇರ್ನ್ ಇವನ್ನು ನಿರ್ಮಿಸತೊಡಗಿದನು. ೧೯೩೧ರ ಏಪ್ರಿಲಿನಲ್ಲಿ ಅಮೀಲಿಯಾ ಇಯರ್‌ಹಾರ್ಟ್ ಪಿಟ್‌ಕೇರ್ನ್ ಯಂತ್ರದಲ್ಲಿ ೧೮,೪೧೫ ಅಡಿ ಎತ್ತರಕ್ಕೆ ಏರಿದಳು. ರೆಕ್ಕೆಯ ಎತ್ತುಬಲ ಕುಸಿಯದ ಯಂತ್ರಕ್ಕಾಗಿ ಬಾಳನ್ನೇ ಮುಡುಪಿಟ್ಟ ಸಿಯೆರ್ವಾ ತೀರಿಕೊಂಡದ್ದು ಸಾಮಾನ್ಯ ವಿಮಾನದ ಅಪಘಾತದಲ್ಲಿ. ೧೯೩೬ರ ಡಿಸೆಂಬರ್ ೯ರಂದು ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಿಂದ ಮಂಜಿನಲ್ಲಿ ಮೇಲೇರಿದ ಪ್ರಯಾಣಿಕ ವಿಮಾನ ಅಪ್ಪಳಿಸಿದಾಗ ಅವನು ಅದರಲ್ಲಿದ್ದನು. ಆಗ ಅವನ ವಯಸ್ಸು ೪೧.

ಮುಂದೆ ಹೆಲಿಕಾಪ್ಟರ್ ಬಂದು ಆಟೊಜೈರೊವನ್ನು ಮೂಲೆಗೆ ಸರಿಸಿತು. ಆದರೆ ಅಲಗಿನ ಕೀಲಿನ ವಿದ್ಯೆಯನ್ನು ಹೆಲಿಕಾಪ್ಟರ್ ಪಡೆದದ್ದು ಆಟೊಜೈರೊದಿಂದಲೇ. ಎಂಜಿನು ನಿಂತ ಹೆಲಿಕಾಪ್ಟರನ್ನು ಇಳಿಸುವ ವಿಧಾನವೂ ಸ್ವಯಂಭ್ರಮಣವೇ. ೧೯೯೨ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿದ ‘ಧ್ರುವ’ ಹೆಲಿಕಾಪ್ಟರಿನ ಚಾಲಕನೂ ಅಂಥ ಸಂಕಟದಲ್ಲಿ ಸಿಯೆರ್ವಾನ ತತ್ತ್ವಕ್ಕೇ ಮೊರೆಹೋಗಬೇಕು.

೪. ವಿನೋದಯಾನವಾಗಿ ಪುನರ್ಜನ್ಮ

ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಜಲಾಂತರ್ಗಾಮಿಗಳ ಹಿಂದೆ ಹಗ್ಗ ಕಟ್ಟಿ ಎಳೆಯುವ, ಎಂಜಿನಿಲ್ಲದ ಪುಟ್ಟ ತಿರುಗುರೆಕ್ಕೆಯೊಂದನ್ನು ಬಳಸಿದರು. ಗಾಳಿಪಟದಂತೆ ಮೇಲೇರಿದ ಅದರಲ್ಲಿ ಕುಳಿತವನು ದೂರದ ಹಡಗುಗಳನ್ನು ನೋಡಿ ಹೇಳುತ್ತಿದ್ದನು. ಯುದ್ಧಾನಂತರ ರಷ್ಯದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಇಗೊರ್ ಬೆನ್ಸೆನ್ ಇಂಥ ಯಂತ್ರಗಳನ್ನು ಅಭ್ಯಾಸ ಮಾಡಿ, ಅವಕ್ಕೆ ಎಂಜಿನನ್ನು ಕೂಡಿಸಿ, ೧೯೫೫ರಲ್ಲಿ ತನ್ನ ಜೈರೊಕಾಪ್ಟರನ್ನು ಹಾರಿಸಿದನು. ಒಂದು ಕಂಬ, ಒಂದು ಆಸನ, ಮೂರು ಗಾಲಿ, ಒಂದು ಎಂಜಿನು, ಒಂದು ಚುಕ್ಕಾಣಿ: ಇಷ್ಟೇ ಅದರ ಸಾಮಗ್ರಿ. ನಕ್ಷೆಗಳನ್ನು ಅವನು ಮಾರಾಟಕ್ಕಿಟ್ಟದ್ದರಿಂದ ಸಾಮಾನ್ಯ ಕೆಲಸಗಾರನೂ ಮನೆಯ ಅಂಗಳದಲ್ಲಿ ಹಾರುವ ಯಂತ್ರವನ್ನು ಕಟ್ಟಿಕೊಳ್ಳಬಹುದಾಯಿತು. ೧೯೬೨ರಲ್ಲಿ ಇಂಥ ಹವ್ಯಾಸಿಗಳ ಸಂಘವೂ ಅಮೆರಿಕದಲ್ಲಿ ಹುಟ್ಟಿಕೊಂಡಿತು.

ಇಂಗ್ಲೆಂಡಿನಲ್ಲಿ ಈ ವಿದ್ಯೆಗೆ ಹೆಸರು ತಂದವನು ಕೆನ್ ವಾಲಿಸ್. ೧೯೬೭ರ ಜೇಮ್ಸ್ ಬಾಂಡ್ ಚಲಚ್ಚಿತ್ರದಲ್ಲಿ ಕಾಣಿಸಿಕೊಂಡ ‘ಲಿಟ್ಲ್ ನೆಲಿ’ ಎಂಬ ಜೈರೊಕಾಪ್ಟರ್ ಅವನು ಕಟ್ಟಿದ್ದು. ಅದನ್ನು ಹಾರಿಸಿದವನೂ ಅವನೇ. ೨೦೦೨ರಲ್ಲಿ, ತನ್ನ ೮೬ನೆಯ ವಯಸ್ಸಿನಲ್ಲಿ, ಅವನು ಗಂಟೆಗೆ ೨೦೭ ಕಿ.ಮೀ.ಗೂ ಮೀರಿದ ವೇಗದಲ್ಲಿ ಹಾರಿ ವಿಶ್ವದಾಖಲೆ ಸ್ಥಾಪಿಸಿದನು. ಉತ್ತರ ಐರ್ಲೆಂಡಿನ ನಾರ್ಮನ್ ಸರ್ಪ್ಲಸ್ ೨೦೧೦ರಲ್ಲಿ ಹೊರಟು ೨೦೧೯ರಲ್ಲಿ ಜೈರೊಕಾಪ್ಟರಿನ ಭೂಪ್ರದಕ್ಷಿಣೆಯನ್ನು ಮುಗಿಸಿದನು. ಅದೇ ವರ್ಷ ಜೇಮ್ಸ್ ಕೆಚೆಲ್ ಎಂಬ ಇಂಗ್ಲಿಷ್ ಸಾಹಸಿ ಆ ಪ್ರದಕ್ಷಿಣೆಯನ್ನು ೧೭೫ ದಿನಗಳಲ್ಲಿ ಪೂರೈಸಿದನು.

೫. ಸುಖದ ಸ್ವರೂಪ

ಈ ಯಂತ್ರದಲ್ಲಿ ದೊರೆಯುವ ಸುಖ ಯಾವ ಬಗೆಯದು? ಒಂದು ಕಲ್ಪಿತ ಹಾರಾಟದಿಂದ ಅದನ್ನು ವಿವರಿಸಬಹುದು. ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯ ಬಳಿ ಸಮತಟ್ಟಾದ ಹುಲ್ಲುಬಯಲೊಂದು ದೊರೆತು, ಬೇಕಾದ ಅನುಮತಿಗಳೆಲ್ಲವೂ ಕೈಗೆ ಬಂದಿವೆ ಎಂದು ಭಾವಿಸೋಣ. ಕಾಲ ಸುಗ್ಗಿಯ ಒಂದು ಬೆಳಗು.

ಚಾಲಕನು ಮೊದಲು ಎಂಜಿನಿನ ಬಲವನ್ನು ಸ್ವಲ್ಪ ಕಾಲ ತಿರುಗುರೆಕ್ಕೆಗೆ ಜೋಡಿಸಿ ಅದನ್ನು ನಿಮಿಷಕ್ಕೆ ಇನ್ನೂರು ಸುತ್ತಿನವರೆಗೆ ತಿರುಗಿಸುತ್ತಾನೆ; ಆಮೇಲೆ ಆ ಜೋಡಣೆಯನ್ನು ಬಿಡಿಸುತ್ತಾನೆ. ನಿಯಂತ್ರಣ ದಂಡವನ್ನು ಹಿಂದಕ್ಕೆ ಹಿಡಿದು ಓಡತೊಡಗಿದಂತೆ ಗಾಳಿಯೇ ರೆಕ್ಕೆಯ ಹೊಣೆಯನ್ನು ವಹಿಸಿಕೊಳ್ಳುತ್ತದೆ. ಸುತ್ತು ಮುನ್ನೂರನ್ನು ದಾಟುತ್ತದೆ, ಮೂತಿ ಮೇಲೇಳುತ್ತದೆ, ನೂರು ಮೀಟರಿನ ಆಸುಪಾಸಿನ ಓಟದಲ್ಲಿ ಗಾಲಿಗಳು ನೆಲ ಬಿಡುತ್ತವೆ. ಇಳಿಯುವಾಗಲಂತೂ ಕೆಲವೇ ಮೀಟರುಗಳ ಓಟ ಸಾಕು.

ಮೇಲೇರಿದವನ ಮುಂದೆ ಗಾಜಿಲ್ಲ, ಪಕ್ಕದಲ್ಲಿ ಗೋಡೆಯಿಲ್ಲ. ಪಡುವಣಕ್ಕೆ ಬೇಡ್ತಿಯ ಕಣಿವೆ, ಕಾಡಂಚು, ಭತ್ತದ ಗದ್ದೆಗಳು. ಮೂಡಣಕ್ಕೆ ತಿರುಗಿದರೆ ನೆಲ ಸಮತಟ್ಟಾಗುತ್ತ, ಮರಗಳು ವಿರಳವಾಗುತ್ತ, ಮಣ್ಣಿನ ಬಣ್ಣ ಕಪ್ಪಾಗುತ್ತ ಹೋಗುತ್ತದೆ. ಕುಂದಗೋಳವನ್ನು ಬಳಸಿ ಅಣ್ಣಿಗೇರಿ, ನವಲಗುಂದಗಳತ್ತ ಸಾಗಿದರೆ ಎರೆಯ ಬಯಲು ಕಣ್ಣು ಹಾಯುವವರೆಗೆ ಹರಡಿದೆ. ಬಿಳಿಜೋಳ, ಕಡಲೆ, ಕುಸುಬೆಗಳ ಹೊಲಗಳ ನಡುವೆ ಬೆಣ್ಣಿಹಳ್ಳ ಬಳುಕುತ್ತ ಮಲಪ್ರಭೆಯ ಕಡೆಗೆ ಹರಿದಿದೆ. ಅರೆಮಲೆನಾಡು ಎಲ್ಲಿ ಮುಗಿದು ಬಯಲುಸೀಮೆ ಎಲ್ಲಿ ತೊಡಗುತ್ತದೆಂಬುದನ್ನು ಭೂಗೋಳದ ಪುಸ್ತಕ ಒಂದು ಗೆರೆಯಲ್ಲಿ ಹೇಳುತ್ತದೆ. ಇನ್ನೂರು ಮುನ್ನೂರು ಮೀಟರ್ ಎತ್ತರದಲ್ಲಿ, ಗಂಟೆಗೆ ಎಂಬತ್ತು ನೂರು ಕಿ.ಮೀ. ವೇಗದಲ್ಲಿ ಸಾಗುವವನಿಗೆ ಆ ಗೆರೆ ಹತ್ತಾರು ಮೈಲಿಗಳ ಅಗಲವಾದ ಕ್ರಮೇಣ ಪರಿವರ್ತನೆಯಾಗಿ ಕಾಣುತ್ತದೆ. ದೊಡ್ಡ ವಿಮಾನದಿಂದ ನೆಲ ನಕ್ಷೆಯಂತೆ ತೋರುತ್ತದೆ. ಇಲ್ಲಿಂದ ಅದು ಊರಾಗಿಯೇ ಉಳಿಯುತ್ತದೆ. ಕಣದಲ್ಲಿ ರಾಶಿ ತೂರುವವನ ಹೊಟ್ಟು ಯಾವ ಕಡೆಗೆ ಹಾರುತ್ತಿದೆಯೆಂಬುದನ್ನು ನೋಡಿ ಚಾಲಕನು ನೆಲದ ಗಾಳಿಯ ದಿಕ್ಕನ್ನು ಅರಿಯಬಹುದು.

ಇನ್ನೊಂದು ಸುಖ ಅನುಭವಿಗಳಿಗೆ ಮಾತ್ರ ಗೊತ್ತಾಗುವಂಥದು. ಅದು ಬಿಸಿಲೇರಿದ ಮೇಲಿನ ಅಲ್ಲಾಡುವ ಗಾಳಿಯಲ್ಲೂ ಈ ಯಂತ್ರ ತೋರುವ ಸ್ಥಿಮಿತ. ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಹಾರುವ ಹಗುರ ವಿಮಾನದ ರೆಕ್ಕೆಗೆ ಸೆಕೆಂಡಿಗೆ ೫ ಮೀಟರಿನ ಮೇಲುಗಾಳಿ ಬಡಿದರೆ ಗಾಳಿ ತಾಗುವ ಕೋನ ಸುಮಾರು ೧೦ ಡಿಗ್ರಿ ಬದಲಾಗುತ್ತದೆ. ವಿಮಾನ ತಟ್ಟನೆ ಎಗರುತ್ತದೆ. ತಿರುಗುರೆಕ್ಕೆಯ ಅಲಗು ಮುಕ್ಕಾಲು ಉದ್ದದ ಬಳಿ ಸೆಕೆಂಡಿಗೆ ೧೧೫ ಮೀಟರ್ ವೇಗದಲ್ಲಿ ಚಲಿಸುತ್ತಿರುವುದರಿಂದ ಅದೇ ಗಾಳಿಯಿಂದ ಅಲ್ಲಿ ಕೋನ ಬದಲಾಗುವುದು ಎರಡೂವರೆ ಡಿಗ್ರಿ ಮಾತ್ರ. ಆದುದರಿಂದ ಹಗುರ ವಿಮಾನಗಳು ನೆಲದಲ್ಲೇ ಉಳಿಯುವಂಥ ಗಾಳಿಯಲ್ಲಿ ಕೂಡ ಜೈರೊಕಾಪ್ಟರ್ ಬಹುಮಟ್ಟಿಗೆ ಸುಖವಾಗಿ ಹಾರುತ್ತದೆ.

೬. ಅರ್ಧ ಸತ್ಯದ ಬೆಲೆ

ಈಗ “ಬೀಳದ ಯಂತ್ರ” ಎಂಬ ಮಾತಿಗೆ ಬರೋಣ. ಎಂಜಿನು ನಿಂತರೆ ಜೈರೊಕಾಪ್ಟರ್ ಇಳಿಯತೊಡಗುತ್ತದೆ. ಇಳಿಯುವಾಗ ಗಾಳಿ ಕೆಳಗಿನಿಂದ ಬರುತ್ತಲೇ ಇರುವುದರಿಂದ ರೆಕ್ಕೆ ತಿರುಗುತ್ತಲೇ ಇರುತ್ತದೆ. ಇಲ್ಲಿಯವರೆಗೆ ಮಾತು ನಿಜ. ಆದರೆ ಮುನ್ನಡೆಯಿಲ್ಲದೆ ನೆಟ್ಟಗೆ ಇಳಿದರೆ ವೇಗವೆಷ್ಟು? ೮.೪ ಮೀಟರ್ ವ್ಯಾಸದ ತಟ್ಟನ್ನು ಅದೇ ಅಗಲದ ಪ್ಯಾರಾಚೂಟೆಂದು ಎಣಿಸಿ, ೪೫೦ ಕಿಲೋ ಭಾರಕ್ಕೆ ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು ೧೦ ಮೀಟರ್ ಬರುತ್ತದೆ. ಇದು ಐದು ಮೀಟರಿಗೂ ಮಿಗಿಲಾದ ಎತ್ತರದಿಂದ ಧುಮುಕಿದವನು ನೆಲ ಮುಟ್ಟುವ ವೇಗ. ಬೆನ್ನುಮೂಳೆ ಮುರಿಯಲು ಅಷ್ಟು ಸಾಕು. ಆದುದರಿಂದ ಚಾಲಕನು ನೆಲಕ್ಕೆ ಇನ್ನೂ ಸಾಕಷ್ಟು ದೂರವಿರುವಾಗಲೇ ಮೂತಿಯನ್ನು ಮೆಲ್ಲನೆ ತಗ್ಗಿಸಿ, ಮುನ್ನಡೆಯ ವೇಗವನ್ನು ಗಳಿಸಿ, ನೆಲದ ಬಳಿ ಅದನ್ನು ಎತ್ತುಬಲವಾಗಿ ಮಾರ್ಪಡಿಸಿಕೊಂಡು ಇಳಿಯಬೇಕು. ಎತ್ತರವೂ ಇಲ್ಲದೆ ವೇಗವೂ ಇಲ್ಲದೆ ಎಂಜಿನನ್ನು ಕಳೆದುಕೊಂಡವನಿಗೆ ಸ್ವಯಂಭ್ರಮಣವು ಪೂರ್ತಿ ರಕ್ಷಣೆ ಕೊಡಲಾರದು.

ಇದಕ್ಕಿಂತ ಘೋರವಾದುದು ಇನ್ನೊಂದು. ರೆಕ್ಕೆಯ ವೇಗವು ಅದು ಹೊತ್ತ ಭಾರವನ್ನು ಅವಲಂಬಿಸಿದೆಯೆಂದು ಹಿಂದೆ ಹೇಳಿದೆ. ನಾಗರಪಂಚಮಿಯ ಜೋಕಾಲಿಯಲ್ಲಿ ಜೀಕಿದವರಿಗೆಲ್ಲ ಒಂದು ಅನುಭವ ಗೊತ್ತು: ಜೋಕಾಲಿ ತುತ್ತತುದಿಗೆ ಏರಿ ಮರಳುವ ಕ್ಷಣದಲ್ಲಿ ಹೊಟ್ಟೆಯಲ್ಲಿ ಹಗುರವಾಗುತ್ತದೆ, ಹಲಗೆಯ ಮೇಲೆ ಭಾರವೇ ಇಲ್ಲವೆನಿಸುತ್ತದೆ. ಆ ಹಗುರತನವೇ ಜೋಕಾಲಿಯ ಸುಖ. ಜೈರೊಕಾಪ್ಟರಿನಲ್ಲಿ ಅದೇ ಮೃತ್ಯುವಿನ ಕರೆ. ವೇಗವಾಗಿ ಏರುತ್ತಿರುವಾಗ ಚಾಲಕನು ದಂಡವನ್ನು ಥಟ್ಟನೆ ಮುಂದಕ್ಕೆ ನೂಕಿದರೆ ಯಂತ್ರ ಕ್ಷಣಕಾಲ ಹಗುರವಾಗುತ್ತದೆ, ರೆಕ್ಕೆಯ ಮೇಲಿನ ಭಾರ ತಪ್ಪುತ್ತದೆ, ಕೆಳಗಿನಿಂದ ಬರುತ್ತಿದ್ದ ಗಾಳಿ ನಿಲ್ಲುತ್ತದೆ, ಸುತ್ತು ಕುಸಿಯುತ್ತದೆ. ಮೇಲಕ್ಕೆಸೆದ ಕಾಗದದ ಪಟ್ಟಿಯ ಅವಸ್ಥೆಯೇ ಇದು. ಅದೇ ಹೊತ್ತಿಗೆ ಹಿಂದಿನ ಪ್ರೊಪೆಲರ್ ಪೂರ್ಣ ಬಲದಿಂದ ನೂಕುತ್ತಲೇ ಇರುತ್ತದೆ. ಆ ನೂಕುವ ರೇಖೆಯು ಯಂತ್ರದ ಗುರುತ್ವಕೇಂದ್ರಕ್ಕಿಂತ ಮೇಲಿದ್ದರೆ, ಎದುರೆಳೆಯುವ ರೆಕ್ಕೆಯ ಹಿಡಿತ ತಪ್ಪಿದ ಒಡನೆ, ಯಂತ್ರವು ಮೂತಿ ಕೆಳಗಾಗಿ ಲಾಗ ಹಾಕುತ್ತದೆ. ಅಲಗುಗಳು ಬಾಲಕ್ಕೆ ಬಡಿಯುತ್ತವೆ. ಇದೆಲ್ಲ ನಡೆಯಲು ಒಂದೆರಡು ಸೆಕೆಂಡು ಸಾಕು. ಆಮೇಲೆ ಮಾಡತಕ್ಕದ್ದೇನೂ ಉಳಿಯುವುದಿಲ್ಲ.

ವಿಷಾದದ ಸಂಗತಿಯೆಂದರೆ, ಇಂಥ ಅಪಘಾತಗಳಲ್ಲಿ ಮಡಿದವರೆಲ್ಲ ಅನನುಭವಿಗಳಾಗಿರಲಿಲ್ಲ. ೧೯೭೦ರಲ್ಲಿ ಇಂಗ್ಲೆಂಡಿನ ಫಾರ್ನ್‌ಬರೊ ವೈಮಾನಿಕ ಪ್ರದರ್ಶನದಲ್ಲಿ ಜೈರೊಕಾಪ್ಟರ್ ಅಪಘಾತಕ್ಕೀಡಾಗಿ ಸತ್ತವನು ವಿಮಾನಗಳಲ್ಲಿ ಪಳಗಿದ ಪರೀಕ್ಷಾಚಾಲಕ. ಸ್ಥಿರ ರೆಕ್ಕೆಯ ವಿಮಾನದಲ್ಲಿ ವೇಗ ಕುಂದಿದಾಗ ದಂಡವನ್ನು ಮುಂದಕ್ಕೆ ನೂಕುವುದೇ ರಕ್ಷಣೆಯ ಮಾರ್ಗ. ವರ್ಷಗಟ್ಟಲೆ ಆ ಅಭ್ಯಾಸವನ್ನು ಕೈಗೆ ಕಲಿಸಿಕೊಂಡವನು ಜೈರೊಕಾಪ್ಟರಿಗೆ ಬಂದಾಗ ಅವನ ಕೈಯೇ ಅವನಿಗೆ ವೈರಿಯಾಗಬಹುದು. ಬೆನ್ಸೆನ್ ಮಾದರಿಯ ಒಂಟಿ ಆಸನದ ಯಂತ್ರಗಳಲ್ಲಿ ಗುರುವಿಗೆ ಜಾಗವಿರಲಿಲ್ಲ. ಮನೆಯಲ್ಲೇ ಕಟ್ಟಿ, ತಾವೇ ಹಾರಲು ಕಲಿತವರು ಅನೇಕರು. ಯಂತ್ರದ ಸರಳತೆಯೇ ಕಲಿಕೆಯೂ ಸರಳವೆಂಬ ಭ್ರಮೆಯನ್ನು ಹುಟ್ಟಿಸಿತು.

ಈ ಪ್ರಶ್ನೆಗೆ ಶಾಸ್ತ್ರೀಯ ಉತ್ತರ ದೊರೆತದ್ದು ಒಂದು ವಿಶ್ವವಿದ್ಯಾಲಯದಲ್ಲಿ. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರದ ಪ್ರೇರಣೆಯಿಂದ ಗ್ಲಾಸ್ಗೊ ವಿಶ್ವವಿದ್ಯಾಲಯದ ಸಂಶೋಧಕರು ೧೯೯೦ರ ದಶಕದಿಂದ ಗಾಳಿಸುರಂಗದ ಪ್ರಯೋಗ, ಗಣಿತದ ಮಾದರಿ, ಉಪಕರಣಸಹಿತ ಹಾರಾಟ ಈ ಮೂರು ಮಾರ್ಗಗಳಿಂದ ಜೈರೊಕಾಪ್ಟರಿನ ಸ್ಥಿರತೆಯನ್ನು ಪರಿಶೀಲಿಸಿದರು. ಹಲವು ಅಂಶಗಳಲ್ಲಿ ಅತಿ ಮುಖ್ಯವೆಂದು ಅವರು ಕಂಡುಕೊಂಡದ್ದು ಪ್ರೊಪೆಲರಿನ ನೂಕುರೇಖೆಗೂ ಗುರುತ್ವಕೇಂದ್ರಕ್ಕೂ ಇರುವ ಅಂತರವನ್ನು. ಆ ಅಂತರ ಮೇಲೆಯಾಗಲಿ ಕೆಳಗೆಯಾಗಲಿ ಎರಡು ಅಂಗುಲಗಳನ್ನು ಮೀರದಿರುವುದು ಕ್ಷೇಮವೆಂಬ ಸೂತ್ರ ಇದರಿಂದ ಬಂದಿತು. ಹೊಸ ಯಂತ್ರಗಳಲ್ಲಿ ಆಸನವನ್ನು ಎತ್ತರಿಸಿ ಗುರುತ್ವಕೇಂದ್ರವನ್ನು ನೂಕುರೇಖೆಯ ಹತ್ತಿರಕ್ಕೆ ತಂದಿರುವುದು, ಹಿಂದೆ ಅಗಲವಾದ ಅಡ್ಡಬಾಲವನ್ನು ಜೋಡಿಸಿರುವುದು, ಶಿಕ್ಷಕನು ಕೂಡಲು ಎರಡನೆಯ ಆಸನವನ್ನಿಟ್ಟಿರುವುದು ಇವೆಲ್ಲ ಕಹಿ ಅನುಭವದಿಂದಲೂ ಇಂಥ ಅಧ್ಯಯನದಿಂದಲೂ ಬಂದ ವಿವೇಕ. ಆದರೂ ಭಾರವಿಳಿದ ರೆಕ್ಕೆ ಸಾಯುತ್ತದೆಂಬ ನಿಯಮ ಯಾವ ಯಂತ್ರಕ್ಕೂ ತಪ್ಪಿದ್ದಲ್ಲ.

೭. ನಮ್ಮ ನಾಡಿನ ಸಂದರ್ಭ

ಕರ್ನಾಟಕಕ್ಕೆ ಹಗುರ ವಿಮಾನಗಳ ಪರಿಚಯ ಹೊಸದಲ್ಲ. ೧೯೩೨ರ ಅಕ್ಟೋಬರಿನಲ್ಲಿ ಟಾಟಾ ಸಂಸ್ಥೆ ಕರಾಚಿಯಿಂದ ಮದರಾಸಿಗೆ ಟಪಾಲು ಸಾಗಿಸತೊಡಗಿದಾಗ ಮುಂಬಯಿ ಮದರಾಸುಗಳ ನಡುವಿನ ತಂಗುದಾಣ ಬಳ್ಳಾರಿ; ಅಲ್ಲಿ ಇಳಿದದ್ದು ಒಂದೇ ಎಂಜಿನಿನ ಪುಟ್ಟ ವಿಮಾನ. ೧೯೪೦ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪಿತವಾಯಿತು. ೧೯೪೮ರಲ್ಲಿ ಜಕ್ಕೂರಿನಲ್ಲಿ ಸರಕಾರಿ ವಿಮಾನಯಾನ ತರಬೇತಿ ಶಾಲೆ ಹುಟ್ಟಿತು. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು ೧೯೫೮ರ ಸೆಪ್ಟೆಂಬರಿನಲ್ಲಿ ಹಾರಿದ ‘ಪುಷ್ಪಕ’ವು ಹಾರಾಟದ ಕ್ಲಬ್ಬುಗಳಿಗಾಗಿಯೇ ಕಟ್ಟಿದ ಎರಡು ಆಸನಗಳ ವಿಮಾನ. ೧೯೯೩ರಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ‘ಹಂಸ’ ಹಾರಿತು. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಸಂಸ್ಥೆ ಕಟ್ಟಿದ ಅತಿ ಹಗುರ ವಿಮಾನಗಳು ವಿದೇಶಗಳಲ್ಲಿಯೂ ಹಾರಿದವು. ವಿನೋದಯಾನಕ್ಕೆ ಬೇಕಾದ ಕೈಕುಶಲತೆ ಈ ನೆಲದಲ್ಲಿ ಇದೆಯೆಂಬುದಕ್ಕೆ ಇಷ್ಟು ಸಾಕು.

ಜೈರೊಕಾಪ್ಟರಿಗೆ ಮಾತ್ರ ಭಾರತದಲ್ಲಿ ಬಾಗಿಲು ತೆರೆದದ್ದು ತಡವಾಗಿ. ೨೦೨೨ರ ಜೂನಿನಲ್ಲಿ ಪ್ರಕಟವಾದ ರಾಷ್ಟ್ರೀಯ ವಾಯುಕ್ರೀಡಾ ನೀತಿಯು ಗ್ಲೈಡರ್, ಬಲೂನು, ಪ್ಯಾರಾಚೂಟುಗಳೊಡನೆ ಆಟೊಜೈರೊವನ್ನೂ ಹೆಸರಿಸಿ ಕ್ರೀಡೆಗಳ ಪಟ್ಟಿಯಲ್ಲಿ ಸೇರಿಸಿತು. ೨೦೨೩ರ ಡಿಸೆಂಬರಿನಲ್ಲಿ ಹರಿದ್ವಾರದಲ್ಲಿ, ಪ್ರವಾಸಿಗಳಿಗೆ ಹಿಮಾಲಯ ದರ್ಶನ ಮಾಡಿಸುವ ಉದ್ದೇಶದಿಂದ, ಜೈರೊಕಾಪ್ಟರಿನ ಪ್ರಾಯೋಗಿಕ ಹಾರಾಟ ನಡೆಯಿತು.

ನಮ್ಮ ಜಿಲ್ಲೆಯಲ್ಲಿ ಇಂಥ ಹಾರಾಟ ಮುಂದೆಂದಾದರೂ ನಡೆಯುವುದಾದರೆ ಗಮನಿಸತಕ್ಕ ಅಂಶಗಳು ಕೆಲವುಂಟು. ಹುಬ್ಬಳ್ಳಿಯ ನಿಲ್ದಾಣ ನಟ್ಟನಡುವೆ ಇರುವುದರಿಂದ ವಾಯುಸಂಚಾರ ನಿಯಂತ್ರಣದವರ ಒಪ್ಪಿಗೆಯಿಲ್ಲದೆ ಮೇಲೆ ವರ್ಣಿಸಿದ ಮಾರ್ಗದಲ್ಲಿ ಹಾರುವಂತಿಲ್ಲ. ಹುಬ್ಬಳ್ಳಿಯು ಸಮುದ್ರಮಟ್ಟದಿಂದ ೬೬೦ ಮೀಟರ್ ಎತ್ತರದಲ್ಲಿದೆ. ಬೇಸಗೆಯಲ್ಲಿ ಉಷ್ಣತೆ ೩೮ ಡಿಗ್ರಿಗೆ ಏರಿದಾಗ ಇಲ್ಲಿನ ಗಾಳಿಯ ಸಾಂದ್ರತೆ ಪ್ರಮಾಣಿತ ಸಾಂದ್ರತೆಗಿಂತ ಶೇಕಡಾ ೧೪ರಷ್ಟು ಕಡಮೆ. ರೆಕ್ಕೆಗೂ ಎಂಜಿನಿಗೂ ಅಷ್ಟರಮಟ್ಟಿಗೆ ಬಲ ಕುಂದುವುದರಿಂದ ನೆಲ ಬಿಡಲು ಹೆಚ್ಚು ಓಟ ಬೇಕು. ಎರೆಮಣ್ಣು ಮಳೆಗಾಲದಲ್ಲಿ ಗಾಲಿಯನ್ನು ಹಿಡಿದುಬಿಡುತ್ತದೆ. ಕಪ್ಪತಗುಡ್ಡದ ಸುತ್ತಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಈ ಸೀಮೆಯ ಗಾಳಿಯ ಬಲಕ್ಕೆ ಸಾಕ್ಷಿ. ಅದೇ ಗಾಳಿ ಆಷಾಢದಲ್ಲಿ ಹವ್ಯಾಸಿಗೆ ಅನುಕೂಲವಾಗಲಾರದು. ತಗ್ಗಿನಲ್ಲಿ ಹಾರುವವನಿಗೆ ವಿದ್ಯುತ್ತಿನ ತಂತಿ, ಮೇಲೆ ಹಾರುವವನಿಗೆ ಹದ್ದುಗಳ ಹಿಂಡು, ಇವೂ ಎಣಿಕೆಯಲ್ಲಿರಬೇಕು. ಚಳಿಗಾಲದ ಬೆಳಗು ಸಂಜೆಗಳೇ ಇಲ್ಲಿ ಪ್ರಶಸ್ತ ಕಾಲ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿದುಬರುವುದಿಷ್ಟು. ಜೈರೊಕಾಪ್ಟರಿನ ರೆಕ್ಕೆಗೆ ಎಂಜಿನು ಒಡೆಯನಲ್ಲ, ಗಾಳಿಯೇ ಒಡೆಯ. ಗಾಳಿ ಒಡೆಯನಾದುದರಿಂದಲೇ ಅದು ನಿಧಾನವಾಗಿ, ತಗ್ಗಾಗಿ, ಸ್ಥಿಮಿತವಾಗಿ ಹಾರಬಲ್ಲದು. ಎಂಜಿನು ನಿಂತಾಗಲೂ ಒಂದು ಅವಕಾಶವನ್ನು ಕೊಡಬಲ್ಲದು. ಅದೇ ಕಾರಣದಿಂದ, ಗಾಳಿಗೂ ರೆಕ್ಕೆಗೂ ಇರುವ ಸಂಬಂಧ ಒಂದು ಕ್ಷಣ ತಪ್ಪಿದರೂ ಅದು ಕ್ಷಮಿಸುವುದಿಲ್ಲ. ಚಾಲಕನು ಮಾಡಬೇಕಾದುದೆಲ್ಲವೂ ಆ ಸಂಬಂಧವನ್ನು ಕಾಪಾಡುವುದರಲ್ಲಿ ಅಡಗಿದೆ: ಮೃದುವಾದ ಕೈ, ಭಾರವಿಳಿಯದ ರೆಕ್ಕೆ, ಕೈಯಲ್ಲಿ ಸದಾ ಒಂದಿಷ್ಟು ವೇಗ, ಗುರುಮುಖದಿಂದ ಕಲಿತ ವಿದ್ಯೆ.

ವಿನೋದವೆಂದರೆ ನಿಯಮವಿಲ್ಲದ ಸ್ವಚ್ಛಂದವೆಂದು ಭಾವಿಸುವವರುಂಟು. ಈ ಯಂತ್ರವು ಅದನ್ನು ಒಪ್ಪುವುದಿಲ್ಲ. ತತ್ತ್ವವನ್ನು ಅರಿತು ನಡೆದವರಲ್ಲಿ ಒಬ್ಬನು ಎಂಬತ್ತಾರರ ವಯಸ್ಸಿನಲ್ಲಿಯೂ ಇದರಲ್ಲಿ ಹಾರಿ ದಾಖಲೆ ಸ್ಥಾಪಿಸಿದನು; ಅರೆಕೊರೆಯಾಗಿ ಅರಿತ ತರುಣರು ಅನೇಕರು ಒಂದೇ ಋತುವಿನಲ್ಲಿ ಮುಗಿದುಹೋದರು. ನಮ್ಮ ಕಾಲೇಜುಗಳಲ್ಲಿ ಜೈರೊಕಾಪ್ಟರ್ ಬರುವ ಕಾಲ ದೂರವಿರಬಹುದು. ಮಾಧವಿಯ ಕಾಯಿ, ಕಾಗದದ ಪಟ್ಟಿ, ಪಂಚಮಿಯ ಜೋಕಾಲಿ ಇವು ಈಗಲೇ ನಮ್ಮ ಕೈಗೆಟುಕುವಂತಿವೆ. ಅಧ್ಯಾಪಕರು ಅವುಗಳಿಂದ ಪಾಠವನ್ನು ತೊಡಗಬಹುದು.